ಅಳಿಸಿದ ಎರಡು ಅಂಕ

ನವೆಂಬರ್ 8, ಶನಿವಾರ
ಮಸ್ಕಿ. ಆರನೇ ತರಗತಿಯ ಪಿ.ಟಿ. ಪಿರಿಯಡ್ ಮುಗಿಸಿ ಬರುವಷ್ಟರಲ್ಲಿ ಫೋನ್. ಲಿಂಗಸುಗೂರಿನ ವೀರೇಂದ್ರ ಸರ್, ನಮ್ಮ ಜಡ್ಜ್‌ಗಳ ಮುಖ್ಯಸ್ಥರು. 16ರ ಭಾನುವಾರ ಸಿಂಧನೂರಿನಲ್ಲಿ ಜಿಲ್ಲಾ ಸ್ಕೇಟಿಂಗ್ ಸ್ಪರ್ಧೆ, ಜೋಡಿ ಡಾನ್ಸ್ ವಿಭಾಗ.

"ಹೋದ ವರ್ಷದಂಗ ಬರ್ರಿ ಟೀಚರ್. ಪೆನ್ಸಿಲ್ ನಾನ ತರ್ತೀನಿ."

ಅದೇ ನಮ್ಮ ಪದ್ಧತಿ. ಮೂವರು ಜಡ್ಜ್‌ಗಳೂ ಮೊದಲು ಪೆನ್ಸಿಲ್‌ನಲ್ಲಿ ಅಂಕ ಹಾಕುವುದು. ಚಹಾ ಕುಡಿಯುತ್ತಾ ಸರ್ "ಸ್ವಲ್ಪ ಸರಿ ಮಾಡೂಣು" ಎನ್ನುವುದು. ಆಮೇಲೆ ಪೆನ್ನು. ಹೋದ ವರ್ಷ ಕೌಸರ್ ಮತ್ತು ಅವಳ ತಮ್ಮ ದಾನಿಷ್‌ಗೆ ಎಂಟು ಹಾಕಿದ್ದೆ. ಸರ್ ಮಾತಿಗೆ ಅಳಿಸಿ ಆರು ಮಾಡಿದೆ. ಆ ಎರಡು ಅಂಕದಲ್ಲೇ ಸೋತರು. ರಾಜ್ಯಮಟ್ಟಕ್ಕೆ ಹೋಗಿದ್ದು ಶಿವಗಂಗಾಳ ಜೋಡಿ... ಆಕೆ ಸ್ಪರ್ಧೆಗೆ ಅಂಗಳ ಕೊಡುವ ರೈಸ್ ಮಿಲ್ ಮಾಲೀಕ ದೊಡ್ಡಬಸಪ್ಪನವರ ಮೊಮ್ಮಗಳು.

ಕೌಸರ್‌ಗೆ ಇದೇ ಕೊನೆಯ ವರ್ಷ, ವಯಸ್ಸು ದಾಟುತ್ತದೆ. ಈ ಸಲ ಅಳಿಸುವುದಿಲ್ಲ. ಖಂಡಿತ ಇಲ್ಲ.

ನವೆಂಬರ್ 16, ಭಾನುವಾರ, ಬೆಳಿಗ್ಗೆ 9
ಸಿಂಧನೂರು. ಮಿಲ್ಲಿನ ಭತ್ತ ಒಣಗಿಸುವ ಸಿಮೆಂಟ್ ಅಂಗಳವೇ ಸ್ಕೇಟಿಂಗ್ ರಿಂಕ್. ಮೂಲೆಯಲ್ಲಿ ಕಾಳು ಕಂಡಿತು, ಇನ್ನೊಮ್ಮೆ ಗುಡಿಸಲು ಹೇಳಿದೆ. ಪೆನ್ನು ಹಿಡಿದೇ ಕೂತಿದ್ದೇನೆ.

ಸಂಜೆ 5
ನೇರ ಪೆನ್ನಿನಲ್ಲೇ ಬರೆದೆ. ವೀರೇಂದ್ರ ಸರ್ ಮುಖ ಕೆಂಪಾಯಿತು.

"ಏನ್ರೀ ಇದು? ಮಾತಾಡಾಕ ಜಾಗಾನ ಬಿಟ್ಟಿಲ್ಲಲ್ಲ!"

"ಮಾತಾಡೂದು ಏನೈತ್ರಿ ಸರ್? ನೋಡೀನಿ, ಬರದೀನಿ."

ಶಿವಗಂಗಾಳ ಜೋಡಿಗೆ ಎಂಟೂವರೆ. ಕೌಸರ್ ಜೋಡಿಗೆ ಏಳು.

ಹೌದು, ಏಳೇ. ಮೂರನೇ ಸುತ್ತಿನಲ್ಲಿ ತಾಳ ತಪ್ಪಿತು, ಅಕ್ಕ-ತಮ್ಮನ ಕೈ ಬಿಟ್ಟುಹೋಯಿತು. ಶಿವಗಂಗಾ ಈ ವರ್ಷ ನಿಜಕ್ಕೂ ಚೆನ್ನಾಗಿ ಕುಣಿದಳು. ಕೌಸರ್‌ಗೆ ಒಂಬತ್ತು ಕೊಟ್ಟುಬಿಡೋಣ ಅಂತ ಎಷ್ಟು ಆಸೆಯಾಗಿತ್ತು! ಕೊಟ್ಟಿದ್ದರೆ ಅದೂ ಇನ್ನೊಂದು ಸುಳ್ಳೇ.

ಮೊಮ್ಮಗಳು ಗೆದ್ದ ಖುಷಿಗೆ ದೊಡ್ಡಬಸಪ್ಪನವರು ಎಲ್ಲರೆದುರು ನನಗೆ ಶಾಲು ಹೊದಿಸಿದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗೇಟಿನಲ್ಲಿ ಕೌಸರ್ ತಾಯಿ ಮಕ್ತುಂಬೀ ನಿಂತಿದ್ದರು.

"ಹೋದ ವರ್ಷನೂ ನೀವ, ಈ ವರ್ಷನೂ ನೀವ. ಶಾಲು ಚಲೋ ಐತ್ರಿ ಟೀಚರ್."

ನವೆಂಬರ್ 20, ಗುರುವಾರ
ಮೂರು ದಿನ ಬರೆಯಲಾಗಲಿಲ್ಲ. ಯೋಚಿಸಿ ಯೋಚಿಸಿ ಸಾಕಾಯಿತು. ಈ ವರ್ಷದ ಅಂಕವನ್ನು ಕೌಸರ್ ಮನೆಯವರು ನಂಬಬೇಕಾದರೆ ಹೋದ ವರ್ಷದ್ದನ್ನು ಒಪ್ಪಿಕೊಳ್ಳಲೇಬೇಕು. ಒಪ್ಪಿಕೊಂಡರೆ ಇನ್ನು ಮುಂದೆ ಯಾರೂ ಜಡ್ಜ್ ಅಂತ ಕರೆಯುವುದಿಲ್ಲ — ಕರೆಯದಿದ್ದರೆ ಬೇಡ.

ನವೆಂಬರ್ 21, ಶುಕ್ರವಾರ
ಕೌಸರ್ ಮನೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಮಕ್ತುಂಬೀ ಎದ್ದು ಒಳಗೆ ಹೋದರು. ಕೌಸರ್ ಅಳಲಿಲ್ಲ.

"ಅಂದ್ರ ಹೋದ ವರ್ಷ ನಾವ ಗೆದ್ದಿದ್ವಿ?"

"ಹೂಂ."

"ಈ ವರ್ಷ?"

"ಸೋತೀರಿ. ಖರೇನ ಸೋತೀರಿ."

ಕೌಸರ್ ತನ್ನ ನೋಟ್‌ಬುಕ್ ಎತ್ತಿಕೊಂಡಳು. "ಇದನ್ನ ಸ್ಕೇಟಿಂಗ್ ಅಸೋಸಿಯೇಷನ್‌ಗೆ ಬರದು ಕೊಡ್ತೀರೇನ್ರಿ?"

ಕೊಡುತ್ತೇನೆ ಎಂದೆ. ಅದರಿಂದ ಹಾಳೆ ಹರಿದು ಮುಂದಿಟ್ಟು ಎದುರಿಗೇ ಕೂತಳು.

"ಈಗ ಬರೀರಿ. ನಾ ನೋಡ್ತೀನಿ."

ಬರೆದೆ. ಯಾರು ಅಳಿಸಿದ್ದು ಎಂಬಲ್ಲಿ ಕೈ ನಿಂತಿತು. ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. 'ನಾನೇ' ಎಂದು ಬರೆದೆ, ಪೆನ್ನಿನಲ್ಲಿ.