ಚಿಕ್ಕಮ್ಮನಾಗಿ ಬಾ ಅಂದೆಯಲ್ಲ

ಗುರುವಾರ, ಮಾರ್ಚ್ ೧೪

ಮಗಳಿಗೆ ಅಮ್ಮನ ಆಶೀರ್ವಾದ.

"ಮೊದ್ಲು ನೀವು ಯಾರು ಅಂತ ಬರೀಬೇಕಮ್ಮ, ಮಿಕ್ಕಿದ್ದೆಲ್ಲ ಆಮೇಲೆ" ಎಂದು ವೀಸಾ ಅರ್ಜಿ ಬರೆಯುವವನು ಹೇಳಿಕೊಟ್ಟಿದ್ದಾನೆ. ಇಲ್ಲೂ ಹಾಗೆಯೇ ಬರೆಯುತ್ತೇನೆ. ನಾನು ಎರಡು ಆಸ್ಪತ್ರೆ, ಮೂರು ಹೋಟೆಲು, ನಲವತ್ತು ಮನೆಗಳ ಬಟ್ಟೆ ಒಗೆದುಕೊಡುವ ಲಾಂಡ್ರಿಯ ಯಜಮಾನಿ. ಕೈಕೆಳಗೆ ಹನ್ನೊಂದು ಜನ. ಹೈಸ್ಕೂಲು ಪಾಸು. ಒಂದೊಂದು ಮನೆಗೆ ಒಂದೊಂದು ಗುರುತನ್ನು ಕೆಂಪು ದಾರದಲ್ಲಿ ಹಾಕುತ್ತೇನೆ, ಹಾಗಾಗಿ ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರ ದಿಂಬಿನ ಚೀಲ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ನಿನ್ನನ್ನು ಹೆತ್ತವಳು.

ಮೂರು ವಾರದಿಂದ ನಿನ್ನ ಫೋನು ಎತ್ತಲಿಲ್ಲ. ತಡವಾದದ್ದು ನನ್ನ ತಪ್ಪೇ. ಕೋಪದಲ್ಲಿ ಇಸ್ತ್ರಿ ಹಿಡಿದರೆ ಬಟ್ಟೆ ಸುಡುತ್ತದೆ ಎಂದು ಎಲ್ಲರಿಗೂ ಬುದ್ಧಿ ಹೇಳುವವಳು ನಾನು. ಆರಲಿ ಎಂದು ಕಾದೆ.

ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡ ಯಂತ್ರಕ್ಕೆ ಹೊಸ ಬೆಲ್ಟು ಹಾಕಿಸಿದೆ. ನೀನು ಯಾರ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದೆಯೋ ಆ ಇಸ್ತ್ರಿ ಅಕ್ಕನಿಗೆ ಕನ್ನಡಕ ಬಂದಿದೆ. "ಇಷ್ಟು ದಿನ ಹೋಗಿದೆ ಅಂದ್ಕೊಂಡಿದ್ದ ಕಲೆಗಳೆಲ್ಲ ಹೋಗೇ ಇರ್ಲಿಲ್ಲ ಕಣೇ" ಎಂದು ನಗುತ್ತಾಳೆ.

ನೀನಿರುವ ದೇಶಕ್ಕೆ ಬಂದು ಐದು ತಿಂಗಳ ಮೊಮ್ಮಗಳನ್ನು ಒಂದು ತಿಂಗಳು ಎತ್ತಿ ಆಡಿಸೋಣವೆಂದು ನಾನು ಓಡಾಡಿದ್ದು ನಿನಗೆ ಗೊತ್ತಿರಲಿ. ಅಂಗಡಿಯ ಪರವಾನಗಿ, ತೆರಿಗೆ ರಸೀದಿ, ಬ್ಯಾಂಕಿನ ಕಾಗದ, ಮನೆಪತ್ರ. ನಾನು ಅಲ್ಲೇ ಉಳಿದುಬಿಡುವುದಿಲ್ಲ ಎನ್ನುವುದಕ್ಕೆ ಆಸ್ಪತ್ರೆಯವರಿಂದ ಒಂದು ಪತ್ರ: "ಇವರು ಹಿಂತಿರುಗದಿದ್ದರೆ ನಮ್ಮ ರೋಗಿಗಳಿಗೆ ಹೊದಿಕೆ ಇರುವುದಿಲ್ಲ." ಫೋಟೋ ತೆಗೆಯುವವನು "ನಗಬಾರದು ಅಮ್ಮಾ, ನಕ್ಕರೆ ವಾಪಸ್ ಕಳಿಸ್ತಾರೆ" ಅಂದ. "ನಾನು ನಕ್ಕಿದ್ದು ನೀನು ಯಾವಾಗ ನೋಡಿದ್ದೆ?" ಅಂದೆ.

ಆಮೇಲೆ ನಿನ್ನ ಲಕೋಟೆ ಬಂತು. ಕರೆಯುವವರ ವಾಸದ ದಾಖಲೆಯ ಪ್ರತಿ ಬೇಕೆಂದರೆ ನೀನು ಅವಸರದಲ್ಲಿ, ಅಲ್ಲಿ ನೆಲೆಸಲು ಹಾಕಿದ್ದ ಅರ್ಜಿಯೂ ಸೇರಿ ಇಡೀ ಕಂತೆಯನ್ನೇ ಕಳಿಸಿದ್ದೆ. ಅರ್ಜಿ ಬರೆಯುವವನು ಒಂದೊಂದೇ ಹಾಳೆ ಮಗುಚುತ್ತಾ ಒಂದರಲ್ಲಿ ನಿಂತುಬಿಟ್ಟ.

"ಅಮ್ಮಾ, ಇದ್ರಲ್ಲಿ ತಾಯಿ ತೀರ್ಕೊಂಡು ಆರು ವರ್ಷ ಆಗಿದೆ."

"ಯಾರ ತಾಯಿ?"

"ನಿಮ್ಮ ಮಗಳ ತಾಯಿ. ಸಹಿ ನೋಡಿ, ನಿಮ್ಮ ಮಗಳದ್ದೇ. ಹಾಗಾದ್ರೆ ನನ್ನೆದುರು ಕೂತಿರೋರು ಯಾರು?" ಎಂದು ನಗಲು ಹೊರಟವನು ನನ್ನ ಮುಖ ನೋಡಿ ನುಂಗಿಕೊಂಡ.

ಅಲ್ಲಿಂದಲೇ ನಿನಗೆ ಫೋನು ಮಾಡಿದೆ. ನೀನು ಅಂದ ಮಾತು ಒಂದೂ ಮರೆತಿಲ್ಲ. "ಅಮ್ಮ, ಮದುವೆಗೆ ಮುಂಚೆ ಅವರ ಮನೇಲಿ ಹಾಗೆ ಹೇಳ್ಬಿಟ್ಟಿದ್ದೆ. ಅವರೆಲ್ಲ ಓದಿದೋರು, ಒಗೆಯೋರ ಮಗಳು ಅಂತ ಹೇಗೆ ಹೇಳಲಿ? ಆ ಫಾರಂ ತುಂಬಿದ್ದು ನಿನ್ನ ಅಳಿಯಂದಿರೇ, ಅವರೆದುರಿಗೆ ಬೇರೆ ಏನಂತ ಬರೆಸಲಿ? ಈಗ ಒಂದು ಕೆಲಸ ಮಾಡು, ಚಿಕ್ಕಮ್ಮನಾಗಿ ಬಾ. ಒಂದು ತಿಂಗಳ ಮಾತು ತಾನೆ."

"ಮಗುವಿಗೆ?" ಅಂದೆ.

"ಅದಕ್ಕೇನು ಗೊತ್ತಾಗುತ್ತಮ್ಮ."

ಮದುವೆ ಕಚೇರಿಯಲ್ಲಿ ಎರಡು ಸಹಿಯಲ್ಲಿ ಮುಗಿಯಿತು, ಯಾರನ್ನೂ ಕರೆದಿಲ್ಲ ಅಂತ ನೀನು ಅಂದಿದ್ದೆ. ನಂಬಿದೆ. ಅಳಿಯಂದಿರು ಒಂದು ದಿನವೂ ಫೋನಿಗೆ ಬಾರದಿದ್ದಾಗ ಕೆಲಸದ ಒತ್ತಡ ಅಂದುಕೊಂಡೆ. ಸಾಸಿವೆಯಷ್ಟು ಚಿಕ್ಕ ಕಲೆಯನ್ನು ಮಾರುದೂರದಿಂದ ಗುರುತಿಸುವ ನನ್ನ ಕಣ್ಣಿಗೆ ಮಗಳ ಮೇಲೆ ಬಿದ್ದದ್ದು ಕಾಣಲಿಲ್ಲ.

ನಾನು ನಿಜ ಬರೆದರೆ ನಿನ್ನ ಫಾರಂ ಸುಳ್ಳಾಗುತ್ತದೆ, ನಿನಗೆ ತೊಂದರೆ. ನಿನ್ನ ಫಾರಂ ಉಳಿಯಬೇಕಾದರೆ ನಾನು ಸತ್ತಿರಬೇಕು. ನೀನು ಹೇಳಿದ ಹಾಗೆ ಅರ್ಜಿ ಬರೆಯುವವನು ಒಂದು ಪ್ರಮಾಣಪತ್ರ ಟೈಪು ಮಾಡಿ ಕೊಟ್ಟ: "ನಾನು ನನ್ನ ದಿವಂಗತ ಅಕ್ಕನ ಮಗಳನ್ನು ನೋಡಲು..." ದಿವಂಗತ ಅಕ್ಕನೂ ನಾನೇ, ಕೆಳಗೆ ಸಹಿ ಹಾಕುವ ತಂಗಿಯೂ ನಾನೇ. ಸುಳ್ಳು ಹೇಳುವುದಿಲ್ಲ, ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಮಗುವಿನ ಮುಖ ನೋಡಬೇಕಿತ್ತು. ಆಮೇಲೆ ನಮ್ಮ ಮನೆಯ ಗುರುತು ನೆನಪಾಯಿತು. ಕೆಂಪು ದಾರದ ಎರಡು ಅಡ್ಡ ಹೊಲಿಗೆ, ನಿನ್ನ ಶಾಲೆಯ ಬಟ್ಟೆಗಳಲ್ಲೆಲ್ಲ ಇತ್ತು. ಕಾಲೇಜು ಸೇರಿದ ಮೇಲೆ ನೀನು ಬ್ಲೇಡಿನಿಂದ ಅದನ್ನು ಬಿಚ್ಚುತ್ತಿದ್ದೆ. ನಾನು ನೋಡಿಯೂ ಸುಮ್ಮನಿದ್ದೆ. ಪೆನ್ನು ಕೆಳಗಿಟ್ಟು ಎದ್ದು ಬಂದೆ.

ನಿನ್ನ ಮೇಲೆ ದೂರು ಕೊಡುವವಳು ನಾನಲ್ಲ. ನಿನ್ನ ಫಾರಂ ಹಾಗೇ ಇರಲಿ, ಅದರ ಭಾರ ನಿನ್ನದು.

ಮಗುವಿಗೆ ಆಯುಸ್ಸು, ಆರೋಗ್ಯ ಕೂಡಿ ಬರಲಿ. ಅವಳು ಮಾತು ಕಲಿತ ಮೇಲೆ ನಾಲ್ಕು ಜನರ ಎದುರು ನಿನ್ನನ್ನು ಅಮ್ಮ ಎಂದು ಗಟ್ಟಿಯಾಗಿ ಕೂಗಲಿ. ಇದು ಶಾಪವಲ್ಲ, ಆಶೀರ್ವಾದವೇ.

ಇಂತಿ,
ನಿನ್ನ ತಾಯಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ನಾನು ಸತ್ತ ತಾರೀಖನ್ನು ಅರ್ಜಿ ಬರೆಯುವವನು ಓದಿ ಹೇಳಿದಾಗ ಯಾವುದೋ ಬಾಯಿಗೆ ಬಂದದ್ದು ಬರೆಸಿದ್ದೀಯೆ ಅಂದುಕೊಂಡೆ. ಮನೆಗೆ ಬಂದು ಗೋಡೆಯ ಮೇಲಿನ ನಿನ್ನ ಫೋಟೋ ನೋಡಿದೆ, ಕೆಳಗೆ ಅದೇ ತಾರೀಖು. ಅದು ನೀನು ಪದವಿ ಪಡೆದ ದಿನ. ಬೆಳಿಗ್ಗೆ ನಿನ್ನ ಕಪ್ಪು ಗೌನು ನಾನೇ ಇಸ್ತ್ರಿ ಮಾಡಿದ್ದೆ. ಒಳಗೆ ಜಾಗ ಇಲ್ಲ, ಹಿಂದಿನ ಗೇಟಿನಲ್ಲಿ ಕೊಟ್ಟು ಹೋಗು ಅಂತ ನೀನು ಅಂದೆ. ಕೊಟ್ಟೆ, ಹೋಗಲಿಲ್ಲ. ಗೋಡೆಯಾಚೆ ನಿಂತು, ಒಂದೊಂದು ಸಲ ಚಪ್ಪಾಳೆ ಕೇಳಿದಾಗಲೂ ಇದು ನನ್ನ ಮಗಳಿಗೆ ಇರಬೇಕು ಅಂದುಕೊಂಡೆ. ಅವತ್ತೇ ನನ್ನ ಕಥೆ ಮುಗಿದಿತ್ತು ಎಂದು ನೀನು ಬರೆದ ಮೇಲೆ ಗೊತ್ತಾಯಿತು.

ನಿನ್ನೆ ವೀಸಾ ಕಚೇರಿಯಲ್ಲಿ ಕೊಟ್ಟಿದ್ದ ದಿನವನ್ನು ರದ್ದು ಮಾಡಿಸಿದೆ. ಮಗುವಿಗೆಂದು ಹೊಲಿದಿದ್ದ ಹೊದಿಕೆಯ ಮೂಲೆಗೆ ಕೆಂಪು ದಾರದ ಎರಡು ಅಡ್ಡ ಹೊಲಿಗೆ ಹಾಕಿದೆ. ಹನ್ನೊಂದು ಜನರ ನಡುವೆ ಲಾಂಡ್ರಿ ಮುಂದೆ ನಿಂತ ಫೋಟೋ ಒಂದನ್ನು ಅದರೊಳಗಿಟ್ಟು, ಹಿಂದುಗಡೆ ನಾನು ಯಾರೆಂದು ಎರಡು ಸಾಲು ಬರೆದು, ನಿನ್ನ ಕಂತೆಯಲ್ಲೇ ಸಿಕ್ಕ ವಿಳಾಸಕ್ಕೆ, ಬೀಗಿತ್ತಿಯ ಹೆಸರಿಗೆ, ಅವರ ಕೈಗೇ ಕೊಟ್ಟು ಸಹಿ ಪಡೆಯುವ ಅಂಚೆಯಲ್ಲಿ ಕಳಿಸಿದೆ. ಈ ಕಾಗದ ಸಾದಾ ಅಂಚೆಯಲ್ಲಿ ಬರುತ್ತದೆ. ನೀನು ಇದನ್ನು ಓದುವ ಹೊತ್ತಿಗೆ ಅದು ಅವರಿಗೆ ತಲುಪಿರುತ್ತದೆ.