ಸೂಜಿ ಅಲುಗಾಡದ ತೋಟಾಗಳು

ಮನೆಯಿಂದ
ಬುಧವಾರ, ಬೆಳಗಿನ ಜಾವ ಎರಡೂವರೆ

ಪ್ರೀತಿಯ ಮಾವನವರಿಗೆ,

ಏನೋ ಉರುಳಿ ನಿಂತು, ಮತ್ತೆ ಉರುಳಿದ ಸದ್ದಿಗೆ ಎಚ್ಚರವಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಮಂಡಿ ಹೇಗಿದೆ ಹೇಳಿ. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀವು ಖಂಡಿತ ಕೇಳಿರುವುದಿಲ್ಲ. ಪುಟ್ಟಿ ನಡೆಯಲು ಶುರು ಮಾಡಿದ್ದಾಳೆ. ನಾಲ್ಕು ಹೆಜ್ಜೆ ಹಾಕಿ ದೊಪ್ಪೆಂದು ಕೂರುತ್ತಾಳೆ, ಕೂರುವುದಕ್ಕೇ ಬಂದೆ ಎನ್ನುವ ಮುಖ ಮಾಡುತ್ತಾಳೆ, ಥೇಟ್ ನಿಮ್ಮ ಹಾಗೆ. ನಡೆಯುವಾಗ ಸ್ವಲ್ಪ ವಾಲುತ್ತಾಳೆ. ಎಲ್ಲ ಮಕ್ಕಳೂ ವಾಲುತ್ತವೆ, ಅಲ್ಲವೇ ಮಾವ?

ಫೋನ್ ಮಾಡದೆ ಬರೆಯುತ್ತಿದ್ದೇನೆ, ಏಕೆಂದರೆ ಗೋಡೆ ತೆಳು, ನಿಮ್ಮ ಮಗ ಎಚ್ಚರವಾಗಿದ್ದಾರೆ. ಇದರ ಫೋಟೋ ತೆಗೆದು ನಾದಿನಿಯ ಮೊಬೈಲಿಗೆ ಕಳಿಸುತ್ತೇನೆ.

ನೀವು ಅವಳ ಮನೆಗೆ ಹೋದ ಮೇಲೆ ಇವರು ಒಂದು ಪುಟ್ಟ ಯಂತ್ರ ತಂದರು. ರೈಫಲಿನ ತೋಟಾವನ್ನು ಎರಡು ಉರುಳೆಗಳ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಬೇಕು. ತೋಟಾದ ತುದಿಯ ಗುಂಡಿಗೆ ತಾಗಿದ ಸೂಜಿ ಅಲುಗಾಡಿದರೆ ಆ ಗುಂಡು ಓರೆಯಾಗಿ ಕೂತಿದೆ ಎಂದು ಲೆಕ್ಕ. ನೆಟ್ಟಗಿನವು ಒಂದು ಡಬ್ಬಿಗೆ, ಓರೆಯವು ಇನ್ನೊಂದಕ್ಕೆ. ಹೀಗೆ ಆರಿಸಿದರೆ ಗುರಿ ಸುಧಾರಿಸುತ್ತದೆಯೇ ಎಂಬುದು ಪರೀಕ್ಷೆ. "ಮನಸ್ಸು ಮೋಸ ಮಾಡುತ್ತೆ, ಡಬ್ಬಿ ನೀನೇ ತುಂಬು, ಯಾವುದು ಯಾವುದು ಅಂತ ನಂಗೆ ಹೇಳ್ಬೇಡ" ಎಂದರು. ವಿಜ್ಞಾನ ಓದಿದವಳಲ್ಲವೇ, ನನಗೂ ಹುರುಪು. ಭಾನುವಾರ ಮೂವರೂ ಅವರ ರೈಫಲ್ ಕ್ಲಬ್ಬಿಗೆ ಹೋದೆವು. ಅವರು ಎರಡೂ ಡಬ್ಬಿಯ ಗುಂಡು ಹೊಡೆದರು. ನಾನು ಪಕ್ಕದ ಆಫೀಸಿನಲ್ಲಿ ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಗುರಿಹಾಳೆಗಳನ್ನು ಅಳೆದೆ. ವ್ಯತ್ಯಾಸವೇ ಇರಲಿಲ್ಲ. ಹಾಗೆ ನೋಡಿದರೆ ಓರೆಯವೇ ಕೂದಲೆಳೆಯಷ್ಟು ಹೆಚ್ಚು ಒತ್ತೊತ್ತಾಗಿ ಬಿದ್ದಿದ್ದವು.

ನೀವಾಗಿದ್ದರೆ ನಕ್ಕು ಯಂತ್ರವನ್ನು ಅಟ್ಟಕ್ಕೆ ಹಾಕುತ್ತಿದ್ದಿರಿ. ಅವರು ನಗಲಿಲ್ಲ. "ಡಬ್ಬಿ ಅದಲುಬದಲು ಮಾಡಿದೀಯ" ಎಂದರು. ಇಲ್ಲ ಎಂದೆ. ನನ್ನನ್ನೇ ನೋಡುತ್ತಾ ಬಹಳ ಮೆತ್ತಗೆ, "ಹಾಗಾದ್ರೆ ಓರೆ ಇರೋದು ಬೇರೆ ಎಲ್ಲೋ. ಹುಡುಕ್ಬೇಕು" ಎಂದರು.

ಅಂದಿನಿಂದ ಹುಡುಕುತ್ತಲೇ ಇದ್ದಾರೆ. ಪೆನ್ಸಿಲ್, ಚಮಚದ ಹಿಡಿ, ಮೇಣದ ಬತ್ತಿ, ಎಲ್ಲವೂ ಆ ಉರುಳೆಗಳ ಮೇಲೆ. ಜಗಳವಿಲ್ಲ, ಕೂಗಾಟವಿಲ್ಲ. ಕೂಗಿದ್ದರೆ ಹೆದರುತ್ತಿರಲಿಲ್ಲ. ಇಂದು ಸದ್ದು ಕೇಳಿ ಎದ್ದು ಹೋದೆ. ನೆಲದ ಮೇಲೆ ಮನೆಯ ಸಾಮಾನೆಲ್ಲ ಎರಡು ಸಾಲಾಗಿತ್ತು. ಪುಟ್ಟಿಯ ಶೂಗಳಲ್ಲಿ ಒಂದು ಈ ಸಾಲಿನಲ್ಲಿ, ಇನ್ನೊಂದು ಆ ಸಾಲಿನಲ್ಲಿ. ಅವರು ಪುಟ್ಟಿ ಮಲಗಿದ ಮಂಚದ ಬಳಿ ಮಂಡಿಯೂರಿ, ಅವಳ ಹಣೆಯಿಂದ ಪಾದದವರೆಗೆ ದಾರ ಎಳೆದು ಹಿಡಿದಿದ್ದರು. ಅವಳು ನಿದ್ದೆಯಲ್ಲಿ ನಗುತ್ತಿದ್ದಳು. ಅವರು ತಿರುಗದೆಯೇ, "ಎಡಕ್ಕೆ ಓರೆ ಇದಾಳೆ. ಭಾನುವಾರ ಇವಳೂ ಅಲ್ಲಿದ್ಲಲ್ಲ" ಎಂದರು. ಮತ್ತೆ, "ಬೆಳಿಗ್ಗೆ ಕ್ಲಬ್ಬಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ನೆಲ ಸಮ ಇದೆ, ಸರಿಯಾಗಿ ಗೊತ್ತಾಗುತ್ತೆ."

ಹಾಲು ಕುಡಿಸಬೇಕು ಎಂದು ನೆಪ ಹೇಳಿ ಅವಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ. ಚಿಲಕ ಹಾಕಿದ್ದೇನೆ. ಅವರು ಕೆಟ್ಟವರಲ್ಲ ಮಾವ. ಅವಳಿಗೆ ಜ್ವರ ಬಂದಾಗ ಊಟ ಬಿಟ್ಟವರು. ನನಗೇ ನಿದ್ದೆಗೆಟ್ಟು ಭ್ರಮೆಯೋ ಎಂದು ಎಷ್ಟೋ ಸಲ ಕೇಳಿಕೊಂಡೆ.

ಹುಷಾರಾಗಿರಿ, ನಾದಿನಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ಪುಟ್ಟಿಗೆ ನಿಮ್ಮ ಆಶೀರ್ವಾದ ಇರಲಿ.

ನಿಮ್ಮ ಸೊಸೆ

ಇನ್ನೊಂದು: ಉರುಳುವ ಸದ್ದು ನಿಂತಿತೆಂದು ಈಗ ಚಿಲಕ ತೆಗೆದು ಇಣುಕಿದೆ. ಕ್ಲಬ್ಬಿನ ಬೀರು ಬಿಟ್ಟು ಹೊರಗೆ ಬರಬಾರದ ರೈಫಲ್ ನಮ್ಮ ಹೊರಬಾಗಿಲಿಗೆ ಒರಗಿದೆ. ಅದರ ಚೀಲದ ಮೇಲೆ ಪುಟ್ಟಿಯ ಸ್ವೆಟರನ್ನು ಅಂದವಾಗಿ ಮಡಿಸಿಟ್ಟಿದ್ದಾರೆ. ಆ ಬಾಗಿಲಿನ ಬೀಗದ ಕೈ ಅವರ ಜೇಬಿನಲ್ಲಿದೆ. ನಿಮ್ಮ ಮಾತೊಂದನ್ನೇ ಅವರು ಕೇಳುವುದು. ನನಗೆ ಬೇಡ, ಅವರಿಗೆ ಫೋನ್ ಮಾಡಿ ಮಾವ, ಬೆಳಗಾಗುವ ಮುಂಚೆ ಮಾಡಿ.