ರಸ್ತೆಗೆ ಮೂತಿ

ಮಾರ್ಚ್ ೧೧, ಮಂಗಳವಾರ

ಇವತ್ತೂ ನಮ್ಮ ಇಳಿಜಾರು ಅಂಗಳದಲ್ಲಿ ಪಿಕಪ್ಪು ಕೈಕೊಟ್ಟಿತು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿಯೇ ಸುಸ್ತಾಯಿತು. ಮೆಕ್ಯಾನಿಕ್ ಬಂದು ಡೀಸೆಲ್ ಪೈಪಿನ ಗಾಳಿ ತೆಗೆದದ್ದೇ ತಡ, ಒಂದೇ ಏಟಿಗೆ ಸ್ಟಾರ್ಟ್! ವಾರದಲ್ಲಿ ಎರಡು ದಿನ ಸರಿ, ಉಳಿದ ದಿನ ಹಟ. ಹೆಂಡತಿಗೆ ಒಂಬತ್ತು ತಿಂಗಳು ತುಂಬಿದೆ. ನಮಗಿರುವುದು ಇದೊಂದೇ ಗಾಡಿ.

"ಪೈಪು ಎಲ್ಲೋ ಗಾಳಿ ಎಳೀತಿದೆ. ನಾಳೆ ಬದಲಾಯಿಸ್ತೀನಿ," ಎಂದ ಮೆಕ್ಯಾನಿಕ್.

ಬಾಗಿಲಲ್ಲಿ ನಿಂತಿದ್ದ ಅವಳು, "ನೀವು ಸಿಟ್ಟು ಮಾಡ್ಕೊಂಡು ಬಂದ ದಿನ ಗಾಡಿ ತಿರುಗಿಸದೆ ಹಾಗೇ ಇಳಿಸಿ ನಿಲ್ಲಿಸ್ತೀರಲ್ಲ, ಮಾರನೇ ದಿನ ತಕರಾರೇ ಇರಲ್ಲ," ಎಂದಳು.

ಅವನು ನನ್ನ ಮುಖ ನೋಡಿದ. "ಮೂತಿ ಮೇಲಿದ್ರೆ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದುಹೋಗುತ್ತೆ ಅಣ್ಣ."

ರಸ್ತೆ ಎತ್ತರದಲ್ಲಿ, ಮನೆ ತಗ್ಗಿನಲ್ಲಿ. 'ಗಾಡಿ ಮೂತಿ ರಸ್ತೆಗೇ ಇರಬೇಕು, ಆಪತ್ತಿಗೆ ಆಗುತ್ತೆ' ಎಂದು ಕಲಿಸಿದವರು ಅಪ್ಪ. ಅದನ್ನು ಪಾಲಿಸಿ ನಾನು ದಿನವೂ ಆಪತ್ತಿಗೆ ಮುಹೂರ್ತ ಇಡುತ್ತಿದ್ದೆ.

ಇವತ್ತು ಮೂತಿ ಮನೆಗೆ ಮಾಡಿ ನಿಲ್ಲಿಸಿದ್ದೇನೆ. ಒಮ್ಮೆ ಸ್ಟಾರ್ಟ್ ಮಾಡಿ ನೋಡಲು ಕೈ ತುರಿಸುತ್ತಿದೆ. ಅವಳು ಕೀಲಿಯನ್ನು ದಿಂಬಿನಡಿ ಇಟ್ಟುಕೊಂಡಿದ್ದಾಳೆ. "ಬೆಳಿಗ್ಗೆವರೆಗೂ ಮುಟ್ಟಬೇಡಿ. ಆಮೇಲೆ ಗೊತ್ತಾಗುತ್ತಲ್ಲ."

ಒಳಗೆ ಕೀಲಿಯ ಸದ್ದು. ಅವಳೇ ಎದ್ದು ತರುತ್ತಿದ್ದಾಳೆ, ನೋವಿಗೆ ಬಾಗಿ, ಒಂದು ಕೈಯಲ್ಲಿ ಗೋಡೆ ಹಿಡಿದು…